ಮಾವನ ಮೂಗು ಮತ್ತು ಪೀಪಾಯಿಯ ಬಿಯರು

ಪೀಪಾಯಿಯಲ್ಲಿ ಮಲಗಿ ಹಳತಾದ ಬಿಯರಿನ ಬಗ್ಗೆ ನನ್ನ ಸೋದರಮಾವನಷ್ಟು ತಿಳಿದವರು ಇಡೀ ಕಾಸರಗೋಡು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಅವರು ಗ್ಲಾಸಿಗೆ ಮೂಗು ಇಟ್ಟರೆಂದರೆ ಬಿಯರು ಮಾಡುವವರು ಕೈಕಟ್ಟಿ ನಿಲ್ಲುತ್ತಿದ್ದರು. ಮಾವನಲ್ಲಿ ಇದ್ದ ಕೊರತೆ ಒಂದೇ. ಅವರ ಮೂಗಿಗೆ ವಾಸನೆ ಬರುತ್ತಿರಲಿಲ್ಲ!

ತಮಾಷೆಯಲ್ಲ. ಮೂಗೇನೋ ಇದೆ, ನಮ್ಮ ಕುಟುಂಬದ ಮೂಗು, ದೂರದಿಂದಲೇ ಕಾಣುವಂಥದ್ದು. ಕನ್ನಡಕ ಹೊರುತ್ತದೆ, ನೆಗಡಿಯಾದರೆ ಸೋರುತ್ತದೆ, ಬೇರೆಯವರ ವಿಷಯದಲ್ಲಿ ತೂರುತ್ತದೆ. ಆದರೆ ಊರಿಗೆ ಊರೇ ಬಾಗಿಲು ಹಾಕಿ ಕುಳಿತ ಆ ವರ್ಷ ಎಲ್ಲರಿಗೂ ಬಂದ ಜ್ವರ ಅವರಿಗೂ ಬಂತು. ಎಲ್ಲರಿಗೂ ಹಿಂದಿರುಗಿದ ವಾಸನೆ ಅವರಿಗೆ ಮಾತ್ರ ಹಿಂದಿರುಗಲಿಲ್ಲ.

ಮಾವ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದವರು. ಸಾರು ಕುದಿಯುವಾಗ ಪಾತ್ರೆಯ ಮುಚ್ಚಳ ತೆಗೆಯದೆ ಉಪ್ಪು ಕಡಿಮೆ ಎಂದು ಹೇಳುತ್ತಿದ್ದ ಮನುಷ್ಯ! ಅಂಥವರಿಗೆ ಈಗ ಮೀನು ಹುರಿಯುವುದೂ ಒಂದೇ, ಮೇಣದಬತ್ತಿ ಉರಿಯುವುದೂ ಒಂದೇ. ಅಂಗಳದಲ್ಲಿ ಕುಳಿತು ಸುಮ್ಮನೆ ಆಕಾಶ ನೋಡತೊಡಗಿದರು. ಅತ್ತೆಗೆ ಭಯವಾಯಿತು. ಕುಂಬಳೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ನನ್ನನ್ನು ಕರೆಸಿದರು. ನಾವು ಮೂವರೂ ಮಂಗಳೂರಿನ ಡಾಕ್ಟರಲ್ಲಿಗೆ ಹೋದೆವು.

ಡಾಕ್ಟರು ಔಷಧಿ ಕೊಡಲಿಲ್ಲ. "ದಿನಾ ಗಾಢವಾದ ವಾಸನೆಗಳನ್ನು ಮೂಸಿ. ಲವಂಗ, ನಿಂಬೆಹಣ್ಣು ಹೀಗೆ. ಮೂಗು ನಿಧಾನಕ್ಕೆ ಮತ್ತೆ ಕಲಿತುಕೊಳ್ಳಬಹುದು" ಎಂದರು.

ಹೊರಗೆ ಬಂದ ಮಾವ ರಸ್ತೆಯಲ್ಲೇ ನಿಂತರು. "ಲವಂಗ ಯಾರು ಮೂಸ್ತಾರೆ ಮಾರಾಯ? ಮೂಸುವುದೇ ಆದರೆ ಒಳ್ಳೆಯದನ್ನು ಮೂಸಬೇಕು!"

ಒಳ್ಳೆಯದು ಎಂದರೆ ಯಾವುದು? ಹಿಂದೆ ಯಾವುದೋ ದೂರದ ಬಂದರಿನಲ್ಲಿ ಅವರು ಕುಡಿದಿದ್ದ ಬಿಯರು. ಅದನ್ನು ಮಾಡಿದ ಕೂಡಲೇ ಮಾರುವುದಿಲ್ಲವಂತೆ. ವಿಸ್ಕಿ ಮಲಗಿ ಎದ್ದುಹೋದ ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಲಗಿಸುತ್ತಾರಂತೆ. ಭರಣಿಯ ಉಪ್ಪಿನಕಾಯಿಯ ಹಾಗೆ ಅದು ಮೆಲ್ಲಗೆ ಮರದ ಗುಣ, ವಿಸ್ಕಿಯ ಗುಣ ಎಲ್ಲವನ್ನೂ ಹೀರಿಕೊಳ್ಳುತ್ತದಂತೆ. "ಅದರಷ್ಟು ವಾಸನೆ ಲೋಕದಲ್ಲಿ ಯಾವುದಕ್ಕೂ ಇಲ್ಲ. ಅದಕ್ಕೂ ನನ್ನ ಮೂಗು ಏಳದಿದ್ದರೆ ಮತ್ತೆ ಸುಟ್ಟು ಹಾಕಿ ಇದನ್ನು" ಎಂದರು ಮಾವ. ಹೀಗೆ ಬೆಳ್ಳೂರಿನ ಗೃಹಸ್ಥರಾದ ನಮ್ಮ ಮಾವ ಸಣ್ಣ ಸಣ್ಣ ಬಿಯರು ತಯಾರಕರನ್ನು ಹುಡುಕಿಕೊಂಡು ತೀರ್ಥಯಾತ್ರೆ ಹೊರಟರು. ಮೂಗಿಗಿಂತ ಮೂಗುತಿ ಭಾರ ಎಂದು ಬಂಧುಗಳು ಆಡಿಕೊಂಡರು. ಆಡಿಕೊಳ್ಳುವವರ ಮೂಗಿಗೇನು, ಸರಿಯಾಗಿಯೇ ಇತ್ತಲ್ಲ!

ಮೊದಲ ಭೇಟಿ ಮಂಗಳೂರಿನಲ್ಲಿ. ಗಾಜಿನ ಗೋಡೆಯ ಹಿಂದೆ ಸಾಲಾಗಿ ಪೀಪಾಯಿಗಳು, ಮುಂದೆ ಗಡ್ಡ ಬಿಟ್ಟ ತಯಾರಕರು. ಕಪ್ಪನೆಯ ಬಿಯರು ಬಂತು. ಮಾವ ಮೂಸಿದರು. ಮತ್ತೆ ಮೂಸಿದರು. ಮುಖದಲ್ಲಿ ಏನೂ ಇಲ್ಲ. ಅವರು ಗ್ಲಾಸಿನ ಅಂಚಿಗೆ ಮೂಗು ತಾಗಿಸಿ ಮೂರನೆಯ ಸಲ ಮೂಸಿದ್ದನ್ನು ನಾನು ನೋಡಿದೆ. ಅತ್ತೆಯೂ ನೋಡಿದರು.

ನಮ್ಮ ಅತ್ತೆ ಜನ್ಮದಲ್ಲಿ ಒಂದು ಹನಿ ಕುಡಿದವರಲ್ಲ. ಬಿಯರಿನ ಅಂಗಡಿಗೆ ಬಂದದ್ದೇ ಸೆರಗನ್ನು ಮೂಗಿಗೆ ಒತ್ತಿಕೊಂಡು. ಅಂಥವರು ಸೆರಗು ಸರಿಸಿ ಗ್ಲಾಸಿನ ಮೇಲೆ ಬಾಗಿದರು. ನಮ್ಮ ಮನೆಮಾತು ತುಳು. ಅವರು ಮಾವನ ಕಿವಿಯಲ್ಲಿ ಉಸುರಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬೆಲ್ಲ ಉಂಟು. ಸ್ವಲ್ಪ ತಳ ಹಿಡಿದದ್ದು. ಅಟ್ಟದಲ್ಲಿ ಹೊಗೆ ಕುಡಿದ ಕೊಬ್ಬರಿ. ಮತ್ತೆ... ಹಳೇ ಪೆಟ್ಟಿಗೆ."

"ಎಂತ ಪೆಟ್ಟಿಗೆ?"

"ಪೆಟ್ಟಿಗೆ ಅಂದರೆ ಪೆಟ್ಟಿಗೆ. ಸುಮ್ಮನೆ ಹೇಳಿ ಈಗ, ಅವರು ಕಾಯ್ತಾ ಇದ್ದಾರೆ."

ಮಾವ ಗಂಟಲು ಸರಿಮಾಡಿಕೊಂಡು ಹಡಗಿನ ಇಂಗ್ಲಿಷಿನಲ್ಲಿ ಸುಟ್ಟ ಸಕ್ಕರೆ, ಹೊಗೆಯಾಡಿದ ತೆಂಗು, ಪುರಾತನ ಓಕ್ ಎಂದು ಘೋಷಿಸಿದರು. ಗಡ್ಡದವರು ಮೂಗಿನ ಮೇಲೆ ಬೆರಳಿಟ್ಟರು! "ಸರ್, ತೆಂಗನ್ನು ಇದುವರೆಗೆ ಒಬ್ಬರೂ ಗುರುತಿಸಿರಲಿಲ್ಲ."

ಅಂದಿನಿಂದ ಮಾವನ ಕೀರ್ತಿ ಹಬ್ಬಿತು. ಬಿಯರು ಮಾಡುವವರೇ ಫೋನು ಮಾಡಿ ಕರೆಯತೊಡಗಿದರು. ಹೊಗಳಿಕೆ ಮಾವನಿಗೆ, ಕೆಲಸ ಅತ್ತೆಗೆ. ಒಮ್ಮೆ ಬೆಂಗಳೂರಿನ ಒಂದು ಗ್ಲಾಸಿನಲ್ಲಿ ಅತ್ತೆಗೆ ಚರ್ಮದ ಚಪ್ಪಲಿಯ ವಾಸನೆ ಬಂತು. ಮಾವ ಅದನ್ನು ಉತ್ತಮ ಚರ್ಮ ಎಂದು ಅನುವಾದಿಸಿದರು, ತಯಾರಕರಿಗೆ ಆನಂದಬಾಷ್ಪ. "ಚಪ್ಪಲಿ ಮೂಸಲಿಕ್ಕೆ ಬೆಂಗಳೂರಿನವರೆಗೆ ಬರಬೇಕಿತ್ತಾ? ಜಗಲಿಯ ಕೆಳಗೇ ಉಂಟಲ್ಲ!" ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು.

ವರ್ಷ ಕಳೆದರೂ ಮೂಗು ಏಳಲಿಲ್ಲ. ಗ್ಲಾಸು ಸಾಲದು, ಇಡೀ ತಲೆಯನ್ನೇ ಪೀಪಾಯಿಯೊಳಗೆ ಇಡಬೇಕು ಎಂದು ಮಾವ ನಿರ್ಧರಿಸಿದರು. ಮಂಗಳೂರಿನ ಗಡ್ಡದವರು ಒಂದು ಬದಿ ತೆರೆದ ಹಳೆಯ ಖಾಲಿ ಪೀಪಾಯಿ ಕೊಟ್ಟರು. ಟೆಂಪೋದಲ್ಲಿ ಹಾಕಿಕೊಂಡು ಬರುವಾಗ ಕೇರಳದ ಗಡಿಯಲ್ಲಿ ತಪಾಸಣೆಯವರು ಕೈ ತೋರಿಸಿದರು.

"ಇದಿಲ್ ಎಂದಾ?" ಇದರಲ್ಲೇನಿದೆ ಎಂದು ಮಲಯಾಳದಲ್ಲಿ ಕೇಳಿದರು.

"ಒನ್ನುಂ ಇಲ್ಲ ಸಾರೇ, ಮಣಂ ಮಾತ್ರಂ." ಏನೂ ಇಲ್ಲ ಸಾರ್, ವಾಸನೆ ಮಾತ್ರ ಎಂದರು ಮಾವ.

ತಪಾಸಣೆಯವರು ತಲೆ ಒಳಗೆ ಹಾಕಿದರು. ಹಾಕಿದ ತಲೆ ಹೊರಗೆ ಬರಲೇ ಇಲ್ಲ! ಬಂದ ಮೇಲೆ ಜೊತೆಯವರನ್ನು ಕರೆದರು. ಅವರೂ ತಲೆ ಹಾಕಿದರು. ಮಾವ ಕೆಳಗಿಳಿದು ಆಸೆಯಿಂದ ಕೇಳಿದರು, "ಒಳಗೆ ಎಂತ ವಾಸನೆ ಉಂಟು ಸಾರ್? ಸ್ವಲ್ಪ ಬಿಡಿಸಿ ಹೇಳಿ." ವಾಸನೆಯ ಮೇಲೆ ಕೇಸು ಹಾಕುವ ಕಾನೂನು ಇಲ್ಲದ್ದರಿಂದ ನಾವು ಮನೆ ಸೇರಿದೆವು.

ಪೀಪಾಯಿ ಹಿಂದಿನ ಚಾವಡಿಯಲ್ಲಿ ಪ್ರತಿಷ್ಠಾಪನೆಯಾಯಿತು. ಮನೆಯಲ್ಲಿ ಬಿಯರು ಮಾಡುವ ಹಾಗಿಲ್ಲ. ಮಾಡಿದರೆ ಪೀಪಾಯಿ ಹೊರಗೆ, ಮಾವ ಒಳಗೆ! ಹಾಗಾಗಿ ಮಾವ ದಿನಾ ಬೆಳಗ್ಗೆ ಮಿಂದು ಬಂದು ತಲೆಯನ್ನು ಅದರೊಳಗೆ ಇಟ್ಟು ನಿಲ್ಲುತ್ತಿದ್ದರು. ಹೊರಗೆ ಬಂದಾಗ ಅತ್ತೆ ಕೇಳುತ್ತಿದ್ದರು, "ಬಂತಾ?" ಮಾವ ಇಲ್ಲವೆಂದು ತಲೆಯಾಡಿಸುತ್ತಿದ್ದರು. ಅಷ್ಟೇ. ಆಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದರು.

ಹಲಸಿನ ಕಾಲದಲ್ಲಿ ಗೋವಾದಿಂದ ಕರೆ ಬಂತು. ಅತ್ತೆಗೆ ಬಿಡುವಿಲ್ಲ, ಮೂಗಿಲ್ಲದ ಮಾವ ನನ್ನನ್ನು ಕರೆದುಕೊಂಡು ರೈಲು ಹತ್ತಿದರು. ನನ್ನ ಮೂಗಿಗೆ ಪೈಂಟು, ಟರ್ಪಂಟೈನ್ ಬಿಟ್ಟರೆ ಬೇರೆ ಗೊತ್ತಿಲ್ಲ. ಮಾವ ಹೊಸ ಉಪಾಯ ಮಾಡಿದರು. ಹಲಸು ಬಲಿತಿದೆಯೇ ಎಂದು ನಾವು ಮರದ ಮೇಲೆಯೇ ಬಡಿದು ನೋಡುತ್ತೇವಲ್ಲ, ಹಾಗೆ ಒಂದೊಂದೇ ಪೀಪಾಯಿಗೆ ಕಿವಿ ಇಟ್ಟು ಬೆರಳಲ್ಲಿ ಬಡಿದರು. ಕೊನೆಗೆ ಒಂದರ ಮುಂದೆ ನಿಂತರು. "ಇದು! ಇದು ಚೆನ್ನಾಗಿ ಬಲಿತದ್ದು!"

ಅಲ್ಲಿಯ ತಯಾರಕಿ ಸಂಕೋಚದಿಂದ ನುಡಿದಳು. "ಅದರಲ್ಲಿ ನೀರಿದೆ ಸರ್. ಖಾಲಿ ಬಿಟ್ಟರೆ ಮರ ಒಣಗಿ ಬಿರುಕು ಬಿಡುತ್ತದೆ ಎಂದು ತುಂಬಿಸಿಟ್ಟದ್ದು."

"ಗೊತ್ತುಂಟು. ಆದರೆ ನೀರು ಒಳ್ಳೆ ಬಲಿತಿದೆ" ಎಂದರು ಮಾವ.

ಊರಿಗೆ ಮರಳಿ ಚಾವಡಿಗೆ ಹೋದರೆ ಪೀಪಾಯಿಯ ಮೇಲೆ ಹಲಗೆ, ಹಲಗೆಯ ಮೇಲೆ ಅರೆಯುವ ಕಲ್ಲಿನ ಗುಂಡು! ಅತ್ತೆ ಅದರ ತುಂಬ ಹಲಸಿನ ಸೊಳೆಯನ್ನು ಉಪ್ಪು ಹಾಕಿ ಒತ್ತಿಟ್ಟಿದ್ದರು. ಮಳೆಗಾಲಕ್ಕೆಂದು ನಮ್ಮ ಕಡೆ ಕಾಪಿಡುವ ಉಪ್ಪಡ್ ಪಚ್ಚಿಲ್!

"ಅಯ್ಯೋ, ಅದು ಓಕ್ ಮರ! ಯಾವ ದೇಶದ್ದೆಂದು ಗೊತ್ತುಂಟಾ ನಿನಗೆ?"

"ನಮ್ಮ ಹಲಸು ಯಾವ ದೇಶದ್ದೆಂದು ಅದಕ್ಕೆ ಗೊತ್ತುಂಟಾ? ಖಾಲಿ ಬಿಟ್ಟರೆ ಬಿರುಕು ಬಿಡ್ತದೆ ಎಂದು ನೀವೇ ಗೋವಾದಿಂದ ಫೋನಿನಲ್ಲಿ ಹೇಳಿದ್ದಲ್ಲವಾ? ಭರಣಿ ತುಂಬಿತು, ಸೊಳೆ ಉಳಿಯಿತು."

ಮಾವ ಮಾತು ಬಿಟ್ಟರು. ಯಾತ್ರೆಯೂ ನಿಂತಿತು. ಗಡ್ಡದವರು ಫೋನು ಮಾಡಿದರೆ "ಮೂಗು ಸತ್ತಿತು, ಇನ್ನು ಉತ್ತರಕ್ರಿಯೆಯ ಬೊಜ್ಜ ಮಾತ್ರ ಬಾಕಿ" ಎಂದು ಇಟ್ಟುಬಿಡುತ್ತಿದ್ದರು. ನನಗೆ ನಿಜವಾಗಿ ಬೇಸರವಾಯಿತು. ಅವರು ಮತ್ತೆ ಆಕಾಶ ನೋಡತೊಡಗಿದ್ದರು.

ತುಳುವರ ಆಷಾಢವಾದ ಆಟಿ ತಿಂಗಳು ಬಂತು. ಹೊರಗೆ ಸೋನೆ ಮಳೆ. ನಾನು ಅತ್ತೆಗೆ ಬೇಕಾದ ಹೊಸ ನಲ್ಲಿ ಹಿಡಿದುಕೊಂಡು ಹೋಗಿದ್ದೆ. ಮಾವ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಹಿಂದಿನ ಚಾವಡಿಯಲ್ಲಿ ಅತ್ತೆ ಗುಂಡು ಇಳಿಸಿ ಹಲಗೆ ಎತ್ತಿದರು. ಉಪ್ಪಡ್ ಪಚ್ಚಿಲ್‌ನ ವಾಸನೆ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ, ಗೊತ್ತಿಲ್ಲದವರಿಗೆ ವಿವರಿಸುವುದು ಮರ್ಯಾದೆಯಲ್ಲ. ಅದರ ಜೊತೆಗೆ ಓಕು, ವಿಸ್ಕಿ, ಬಿಯರು! ನನ್ನ ಕಣ್ಣಲ್ಲಿ ನೀರು ಬಂತು.

ಜಗಲಿಯಿಂದ ಒಂದು ಬೊಬ್ಬೆ ಕೇಳಿತು. "ಎಂತ ನಾರುವುದು ಮಾರಾಯ್ತಿ ಅದು! ಎಂತ ಸತ್ತದ್ದು?"

ಅತ್ತೆಯ ಕೈಯ ಹಲಗೆ ಕೆಳಗೆ ಬಿತ್ತು. "ಎಂತ ಹೇಳಿದಿರಿ?"

"ನಾರ್ತದೆ ಎಂದೆ!"

ಹೇಳಿದ ಮೇಲೆ ಅವರಿಗೂ ತಿಳಿಯಿತು. ಪೇಪರು ಬಿಸಾಡಿ ಓಡಿಬಂದು ತಲೆಯನ್ನು ಪೀಪಾಯಿಗೆ ಹಾಕಿದರು. ಒಳಗಿನಿಂದ "ನಾರ್ತದೆ! ಅಬ್ಬಾ, ಎಷ್ಟು ನಾರ್ತದೆ!" ಎಂಬ ಹರ್ಷೋದ್ಗಾರ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದರು, ನಗುತ್ತಲೂ ಇದ್ದರು.

ಮುಂದಿನ ಭಾನುವಾರ ಮೂವರೂ ಮಂಗಳೂರಿಗೆ ಹೋದೆವು. ಗಡ್ಡದವರು ಅದೇ ಕಪ್ಪು ಬಿಯರು ತಂದಿಟ್ಟರು. ಮಾವ ಕಣ್ಣು ಮುಚ್ಚಿ ದೀರ್ಘವಾಗಿ ಮೂಸಿದರು. ಮುಖ ಅರಳಿತು. ಈ ಸಲ ಸ್ವಂತ ಮೂಗಿನ ಭಾಷಣ ಕೇಳಲು ನಾವೆಲ್ಲ ಕಾದೆವು. ಅವರು ಗ್ಲಾಸನ್ನು ಮೆಲ್ಲಗೆ ಅತ್ತೆಯ ಕಡೆಗೆ ದೂಡಿದರು.

"ನೀನು ಹೇಳು."

"ನಾನು ಯಾಕೆ? ಈಗ ನಿಮಗೇ ಬರ್ತದಲ್ಲ."

"ಬರ್ತದೆ. ನೀನು ಹೇಳದೆ ನನಗೆ ಸೇರುವುದಿಲ್ಲ."

ಅತ್ತೆ ನಾಚಿ ನನ್ನ ಕಡೆ ನೋಡಿದರು. ಆಮೇಲೆ ಸೆರಗು ಸರಿಸಿ ಬಾಗಿದರು. "ಬೆಲ್ಲ. ಕೊಬ್ಬರಿ. ಮತ್ತೆ ಪೆಟ್ಟಿಗೆ."

"ಯಾವ ಪೆಟ್ಟಿಗೆ? ಅವತ್ತೂ ಹೇಳಲಿಲ್ಲ ನೀನು."

"ನಿಮ್ಮದೇ. ಹಡಗಿನಿಂದ ಬರುವಾಗ ತರ್ತಾ ಇದ್ದಿರಲ್ಲ, ಅದು. ನೀವು ಮೀಯಲಿಕ್ಕೆ ಹೋದಾಗ ನಾನು ಮುಚ್ಚಳ ತೆಗೆದು ಮೂಸ್ತಾ ಇದ್ದೆ. ಇನ್ನು ಸ್ವಲ್ಪ ದಿನ ಮನೆಯಲ್ಲೇ ಇರ್ತೀರಿ ಎಂದು ಆಗ ನಂಬಿಕೆ ಬರ್ತಾ ಇತ್ತು."

ಮಾವ ಗ್ಲಾಸನ್ನು ಹತ್ತಿರ ಎಳೆದುಕೊಂಡು ಮತ್ತೊಮ್ಮೆ ಮೂಸಿದರು. "ಹೌದು" ಎಂದರು, "ಪೆಟ್ಟಿಗೆ ಉಂಟು."