ಕೆರೆಯ ಜಹಾಜಿನ ಚಾಕರಿ

ನೀರಿನ ಮೇಲೆ ದೊಡ್ಡವರಿಗೆ ಉಣಬಡಿಸುವವನ ಬಾಳಿನಲ್ಲಿ ಏನಾದರೊಂದು ಮುಳುಗುತ್ತಲೇ ಇರುತ್ತದೆ. ಒಂದು ದಿನ ಚಮಚ, ಇನ್ನೊಂದು ದಿನ ಮಾನ. ನಾನು ಸಾಲಿ ಮಾಸ್ತರನಾಗುವ ಮೊದಲು, ಹೈದರಾಬಾದ್ ಸಂಸ್ಥಾನದ ಕಡೆಯ ದಿನಗಳಲ್ಲಿ, ಭಾಲ್ಕಿ ಕಡೆಯ ಒಬ್ಬ ಜಾಗೀರದಾರರ ದೋಣಿಯ ಮೇಲೆ ನಾನೂ ನಮ್ಮಣ್ಣನೂ ಇಂಥ ಚಾಕರಿ ಮಾಡಿದೆವು. ಅಣ್ಣ ಹೋದ ಮಾಘದಲ್ಲಿ, ಮನೆಯಲ್ಲೇ, ಹಾಸಿಗೆಯ ಮೇಲೆ ತೀರಿಕೊಂಡ. ಈ ಪ್ರಸಂಗಗಳನ್ನು ಹೇಳುತ್ತಿದ್ದವನು ಅವನು. ತಪ್ಪಿದ ಕಡೆ ತಿದ್ದುತ್ತಿದ್ದವನು ನಾನು. ಈಗ ಎರಡೂ ಕೆಲಸ ನನ್ನ ಮೇಲೆ ಬಿದ್ದಿವೆ.

೧. ಬಂಡಿಯವನ ಬಡ್ತಿ

ಅದು ಎಲ್ಲ ಮಂಗಳವಾರಗಳಂಥದೇ ಒಂದು ಮಂಗಳವಾರ. ಅಣ್ಣ ಜಾಗೀರದಾರರ ತೊಗರಿ ಚೀಲಗಳನ್ನು ಬೀದರ್ ಪೇಟೆಯಲ್ಲಿ ಇಳಿಸಿ ಖಾಲಿ ಬಂಡಿ ತಿರುಗಿಸುತ್ತಿದ್ದಾಗ, ಜಾಗೀರದಾರರು ಹೈದರಾಬಾದಿನಿಂದ ತರಿಸಿದ್ದ ಒಂದು ದೋಣಿಯನ್ನು ಅವನ ಬಂಡಿಗೆ ಹೇರಿದರು. ಜಾಗೀರದಾರರನ್ನು ನಾವು ಸಾಹೇಬರು ಅನ್ನುತ್ತಿದ್ದೆವು. ಮನೆಯಲ್ಲಿ ಹಣೆ ತುಂಬ ವಿಭೂತಿ ಹಚ್ಚುವವರು. ಮೆಹಮಾನರು, ಅಂದರೆ ದೊಡ್ಡ ಅತಿಥಿಗಳು, ಬಂದ ದಿನ ಮಾತ್ರ ಶೇರವಾನಿ ತೊಟ್ಟು, ಉರ್ದು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಹೈದರಾಬಾದಿನಲ್ಲಿ ಯಾರದೋ ದೋಣಿಯಲ್ಲಿ ಕೂತು ಬಂದ ಮೇಲೆ, ಎಮ್ಮೆ ಮೈತೊಳೆಯುವ ನಮ್ಮೂರ ಕೆರೆ ಅವರ ಕಣ್ಣಿಗೆ ಬೇರೆಯೇ ಕಂಡಿತ್ತು.

"ಇದಕ್ಕ ದೋಣಿ ಅನಬಾರದು. ಜಹಾಜ ಅನಬೇಕು," ಎಂದು ಅಪ್ಪಣೆಯಾಯಿತು.

"ಹೌದ್ರಿ ಸಾಹೇಬ್ರ. ಹೊಡಿಯವ್ರು ಯಾರ್ರಿ?" ಅಂದ ಅಣ್ಣ.

"ನೀನೇ. ತಂದಾಂವ ನೀನೇ ಅಲ್ಲೇನು?"

"ನಾ ಎತ್ತ ಹೊಡಿಯಾಂವ್ರಿ."

"ಎತ್ತಿಗಿಂತ ಇದು ಶಾಣ್ಯಾ ಅದ. ಹಾಯಂಗಿಲ್ಲ, ಮೇವು ಬೇಡಂಗಿಲ್ಲ."

ಹೀಗೆ ಅಣ್ಣ ಕಪ್ತಾನನಾದ. ನನಗೆ ಬಿಳಿ ಕೋಟು ಹಾಕಿ ತಟ್ಟೆ ಹಿಡಿಸಿದರು. ಮೊದಲ ಸವಾರಿಯಲ್ಲಿ ಜಹಾಜು ಜೊಂಡಿನಲ್ಲಿ ಸಿಕ್ಕಿಕೊಂಡಾಗ ಅಣ್ಣ ಹುಟ್ಟು ಕೆಳಗಿಟ್ಟು, ನಾಲಗೆ ಲೊಚಗುಟ್ಟಿ, "ಹೈ ಹೈ, ನಡಿ ರಾಜಾ" ಅಂದ. ಹೈದರಾಬಾದಿನ ಮೆಹಮಾನರು ಇದು ನಾವಿಕರ ಪದ್ಧತಿ ಎಂದು ತಿಳಿದು, ಎಲ್ಲರೂ ಕೂಡಿ ಲೊಚಗುಟ್ಟಿದರು.

೨. ಬೆನ್ನು ತೋರಿಸದ ಆಳು

ಸಾಹೇಬರ ಕಟ್ಟುನಿಟ್ಟು ಒಂದೇ: ದೊಡ್ಡವರಿಗೆ ಬಡಿಸಿದ ಮೇಲೆ ಆಳು ಅವರಿಗೆ ಬೆನ್ನು ತೋರಿಸಬಾರದು, ಹಿಂದೆ ಹಿಂದೆ ನಡೆದು ಹೋಗಬೇಕು. ಸಾಹೇಬರು ಇದ್ದ ವಾಡೆಯಲ್ಲಿ ಇದು ಕಷ್ಟವಲ್ಲ. ವಾಡೆಗೆ ಗೋಡೆ ಇರುತ್ತದೆ.

ಒಂದು ಸಂಜೆ ಭಜಿ ಬಡಿಸಿ, ಬಾಗಿ ಸಲಾಂ ಮಾಡುತ್ತ ಹಿಂದೆ ಸರಿದೆ. ಇನ್ನೊಂದು ಹೆಜ್ಜೆ ಸರಿದೆ. ಆಮೇಲೆ ಜಹಾಜು ಇರಲಿಲ್ಲ. ಕೆರೆ ಅಲ್ಲಿ ಎದೆಮಟ್ಟ. ಎದ್ದು ನಿಂತಾಗ ತಟ್ಟೆ ಕೈಯಲ್ಲೇ ಇತ್ತು, ಮುಖ ಮೆಹಮಾನರ ಕಡೆಗೇ ಇತ್ತು. ಅಭ್ಯಾಸಬಲ, ಸಲಾಂ ಪೂರ್ತಿ ಮಾಡಿದೆ.

ಸಾಹೇಬರು ಮೀಸೆ ತಿರುವಿ ಮೆಹಮಾನರಿಗೆ ಉರ್ದುವಿನಲ್ಲಿ ಹೇಳಿದರು: "ನೋಡ್ರಿ ನಮ್ಮ ಮಂದಿ. ಮುಳುಗಿದ್ರೂ ಬೆನ್ನು ತೋರ್ಸಂಗಿಲ್ಲ."

೩. ಬೇಸಿಗೆಯ ತೆರೆ

ಆ ವರ್ಷ ಖಟಕ ಚಿಂಚೋಳಿಯ ಒಂದು ಹುಡುಗಿಯ ಮೇಲೆ ಅಣ್ಣನ ಮನಸ್ಸು ನಿಂತಿತ್ತು. ಹುಡುಗಿಗೂ ಒಪ್ಪಿಗೆ. ಅಡ್ಡವಿದ್ದದ್ದು ಅವಳ ಅಪ್ಪ, ಜೋಳ ಬೆಳೆಯುವ ಗಟ್ಟಿ ಒಕ್ಕಲಿಗ. "ಜಹಾಜದ ಕೆಲಸ ಅಂತೀರಿ. ನಮ್ಮ ಕಡಿ ಸಮುದ್ರ ಎಲ್ಲದ? ನಾನೇ ಬಂದು ನೋಡ್ತೇನಿ," ಅಂದಿದ್ದರು.

ಬಂದದ್ದು ಬೇಸಿಗೆಯಲ್ಲಿ. ಕೆರೆಯಲ್ಲಿ ನೀರಿರಲಿಲ್ಲ, ಕೆಸರಿತ್ತು. ಮೆಹಮಾನರು ಮಾತ್ರ ಹೇಳಿದ ದಿನಕ್ಕೆ ಬಂದಿಳಿದಿದ್ದರು. ಸಾಹೇಬರು ಸೋಲುವವರಲ್ಲ, ಕೆಸರಿನ ಮೇಲೇ ಜಹಾಜು ನಿಲ್ಲಿಸಿ, ಮೆಹಮಾನರನ್ನು ಹಲಗೆ ಹಾಕಿ ಹತ್ತಿಸಿ, ನೀರಿನ ಮೇಲಿದ್ದ ಹಾಗೆ ಅನಿಸಲೆಂದು ನಮ್ಮನ್ನು ಎರಡೂ ಬದಿಗೆ ಹೆಗಲು ಕೊಟ್ಟು ಅಲುಗಾಡಿಸಲು ಹಚ್ಚಿದರು. ಕಪ್ತಾನ ಮೊಣಕಾಲುದ್ದ ಕೆಸರಿನಲ್ಲಿದ್ದ.

"ಏನ್ ಮಾಡ್ಲಿಕತ್ತೀಯೋ ತಮ್ಮಾ?" ಎಂದು ಹುಡುಗಿಯ ಅಪ್ಪ ಏರಿಯ ಮೇಲಿಂದ ಕೂಗಿದರು.

"ತೆರಿ ಎಬ್ಬಸ್ಲಿಕತ್ತೇನ್ರಿ, ಮಾವಾರ!"

"ನೀರೆಲ್ಲದ?"

"ಬರೋದದ್ರಿ!"

ಅಷ್ಟರಲ್ಲಿ ಒಬ್ಬ ಮೆಹಮಾನರು ಬಾಗಿ ವಾಂತಿ ಮಾಡಿಕೊಂಡರು. ಅದು ಬಿದ್ದದ್ದು ಅಣ್ಣನ ರುಮಾಲಿನ ಮೇಲೆ. ಸಾಹೇಬರ ಮುಖ ಅರಳಿತು. ನಮ್ಮ ಕಡೆ ತಿರುಗಿ ಅಂದರು: "ಹ್ಯಾಂಗದ? ಖರೇ ಸಮುದ್ರದಾಗ ಹೀಂಗೇ ಆಗ್ತದಂತ!"

ಹುಡುಗಿಯ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು. "ಮಳಿ ಆದ ಮ್ಯಾಲ ಒಮ್ಮಿ ಬರ್ತೇನಿ. ಇದು ನೀರಾಗ ನಡಿಯೋದು ನಾ ಕುಂತು ನೋಡಬೇಕು. ಇಲ್ಲಂದ್ರ ಔರಾದ್ ಕಡಿಂದ ಒಂದು ಸಂಬಂಧ ಬಂದದ. ಹುಡುಗ ಕಿರಾಣಿ ಅಂಗಡಿ ಇಟ್ಟಾನ. ಅದನ್ನ ಯಾರೂ ಅಲಗಾಡಸಬೇಕಾಗಿಲ್ಲ."

೪. ಯಾರ ಜಹಾಜು

ಭಾರತದ ಸೈನ್ಯ ಬಂದು ನಿಜಾಮರ ರಾಜ್ಯ ಹಿಡಿದ ಪೊಲೀಸ್ ಆ್ಯಕ್ಷನ್ ಆದ ಮೇಲಿನ ದಿನಗಳಲ್ಲಿ ಸುತ್ತಲ ಹಳ್ಳಿಗಳಲ್ಲಿ ಎಷ್ಟೋ ಮನೆಗಳು ಹಾಳಾದವು. ಅದು ನಗುವ ಮಾತಲ್ಲ, ಅದನ್ನು ಇಲ್ಲಿ ತರುವುದಿಲ್ಲ. ನಾನು ಹೇಳುವುದು ಒಂದು ಮಧ್ಯಾಹ್ನದ್ದು ಮಾತ್ರ.

ಕೆರೆ ತುಂಬಿತ್ತು. ಹುಡುಗಿಯ ಅಪ್ಪ ಮಾತಿನಂತೆ ಬಂದು, ಜಹಾಜಿನಲ್ಲಿ ಕೂತು, ಎರಡೂ ಕೈಯಿಂದ ಅಂಚು ಹಿಡಿದುಕೊಂಡಿದ್ದರು. ನಾನು ಬಿಳಿ ಕೋಟು ತೊಟ್ಟು, ಚಹಾದ ಕಿಟ್ಲಿ ಹಿಡಿದು ಬದಿಗೆ ನಿಂತಿದ್ದೆ. ಅಣ್ಣ ಹುಟ್ಟು ಎತ್ತಬೇಕು ಅನ್ನುವಷ್ಟರಲ್ಲಿ, ಯಾರೋ ಮೆಹಮಾನರು ಬರುವರೆಂದು ತೊಟ್ಟಿದ್ದ ಶೇರವಾನಿಯಲ್ಲೇ ಸಾಹೇಬರು ಓಡಿ ಬಂದು ಹತ್ತಿದರು. "ಮಿಲಿಟ್ರಿ ಬಂತು! ನಡುಕೆರಿಗೆ ಹೊಡಿ!" ನಿಜಾಮರ ಅಧಿಕಾರಿಗಳಿಗೆ ಊಟ ಹಾಕಿದವರಲ್ಲಿ ತಮ್ಮ ಹೆಸರೇ ಮೊದಲು ಬರುತ್ತದೆಂಬ ಭಯ ಅವರಿಗೆ.

ನಡುಕೆರೆಯಲ್ಲಿ ನಿಂತು ಶೇರವಾನಿ ಬಿಚ್ಚತೊಡಗಿದರು. ಜಹಾಜು ವಾಲಿತು.

"ಕೂಡ್ರಿ ಸಾಹೇಬ್ರ!" ಎಂದು ಅಣ್ಣ ಗದರಿದ. ಎತ್ತಿಗೆ ಗದರುವ ದನಿಯೇ. ಸಾಹೇಬರು ತಟ್ಟನೆ ಕೂತರು. ಹುಡುಗಿಯ ಅಪ್ಪ ಇಬ್ಬರನ್ನೂ ದಿಟ್ಟಿಸಿ ನೋಡಿದರು.

ಕೂತಲ್ಲೇ ಸಾಹೇಬರು ಶೇರವಾನಿ ಕಳಚಿ, ನನ್ನ ಬಿಳಿ ಕೋಟು ಕಸಿದು ತೊಟ್ಟರು. ನಾನು ಬನಿಯನ್ನಿನಲ್ಲಿ ಉಳಿದೆ. ತಮ್ಮ ಮೆತ್ತನೆಯ ಕುರ್ಚಿ ತೋರಿಸಿ, "ನೀವು ಇಲ್ಲಿ ಬರ್ರಿ ಯಜಮಾನ್ರ, ನಿಮಗ ಧೋತರ ರುಮಾಲು ಅದ, ಯಾರೂ ಸಂಶಯ ಪಡಂಗಿಲ್ಲ," ಎಂದು ಹುಡುಗಿಯ ಅಪ್ಪನನ್ನು ಅದರಲ್ಲಿ ಕೂಡಿಸಿ, ಕೈಯಲ್ಲಿ ಚಹಾದ ಕಿಟ್ಲಿ ಹಿಡಿದುಕೊಂಡರು.

ಏರಿಯ ಮೇಲೆ ಲಾರಿ ನಿಂತಿತು. ಒಬ್ಬ ಅಧಿಕಾರಿ ಕೈ ಮಾಡಿ ಕರೆದ. ಅಣ್ಣ ದಡಕ್ಕೆ ತಂದ. ಬಂದೂಕಿನವರು ನೋಡಿದ್ದು ಇಷ್ಟು: ಕುರ್ಚಿಯಲ್ಲಿ ಒಬ್ಬ ರೈತ, ಅವನ ಬಟ್ಟಲಿಗೆ ಚಹಾ ಹೊಯ್ಯುವ, ಬೆರಳ ತುಂಬ ಉಂಗುರವಿದ್ದ ಒಬ್ಬ ಆಳು.

"ಈ ದೋಣಿ ಯಾರದು?" ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದ.

ಸಾಹೇಬರು ಕಾಲು ನೋಡಿಕೊಂಡರು. ಅಣ್ಣ ಆಕಾಶ ನೋಡಿದ. ಹುಡುಗಿಯ ಅಪ್ಪ ಒಂದು ಗುಟುಕು ಕುಡಿದು, ತಮಗೆ ಬರುವಷ್ಟು ಉರ್ದುವಿನಲ್ಲಿ, ನಿಧಾನವಾಗಿ ಹೇಳಿದರು: "ನಮ್ಮ ಅಳಿಯನದ್ರಿ."

ಅಧಿಕಾರಿ ಬೀದರಿನ ದಾರಿ ಕೇಳಿಕೊಂಡು ಹೋದ. ಸಾಹೇಬರು ಕೋಟು ಬಿಚ್ಚಲು ಕೈ ಹಾಕಿದಾಗ ಹುಡುಗಿಯ ಅಪ್ಪ ಬಟ್ಟಲು ಮುಂದೆ ಚಾಚಿದರು. "ಇನ್ನೊಂದೀಟು ಹಾಕ್ರಿ." ಸಾಹೇಬರು ಹಾಕಿದರು. ಹಾಕಿ, ಹಿಂದೆ ಹಿಂದೆ ಸರಿಯಲು ಹೋದವರನ್ನು ನಾನು ಹಿಡಿದುಕೊಂಡೆ.

"ಮಾವಾರ, ಖರೇ ಹೇಳಿದ್ರೇನ್ರಿ?" ಎಂದು ಅಣ್ಣ ಮೆಲ್ಲಗೆ ಕೇಳಿದ.

"ಮಿಲಿಟ್ರಿ ಮುಂದ ಆಡಿದ ಮಾತು, ಹ್ಯಾಂಗ ಹಿಂದ ತಗೊಳ್ಳಲಿ? ಹೊಲ ಎಷ್ಟದ, ಎತ್ತು ಎಷ್ಟವ, ತಂಬಾಕ ತಿಂತೀಯೇನು, ಎಲ್ಲಾ ಕೇಳೇನಿ. ಇನ್ನ ಕೇಳೋದು ಏನೂ ಉಳಿದಿಲ್ಲ."

ಅವರು ಕೇಳದೆ ಬಿಟ್ಟದ್ದು ಒಂದೇ ಇತ್ತು: ಕಪ್ತಾನನಾದ ಅಣ್ಣನಿಗೆ ಈಜು ಬರುತ್ತಿರಲಿಲ್ಲ.