ಏಳು ಹಲ್ಲಿನ ಪಂಚಮಿ

“ಗಾಡಿ ಎತ್ತರ ಮಾಡಿದ್ರಿ, ಗಾಲಿ ದೊಡ್ಡವು ಹಾಕಿಸಿದ್ರಿ. ಮತ್ತ ಎಳಿಯೂದು ಯಾಕ ಬಿಟ್ಟೈತ್ರಿ ಅದು?”

೧೯೭೪ರ ಆಷಾಢದ ಒಂದು ಮುಂಜಾನೆ ತಿರ್ಲಾಪುರದ ತಮ್ಮ ಮನೆಯ ಹಿತ್ತಲಿನಲ್ಲಿ ಹೆಂಡತಿ ಗುರವ್ವ ಕೇಳಿದ ಈ ಪ್ರಶ್ನೆಗೆ ಈರಬಸಪ್ಪನವರಲ್ಲಿ ಉತ್ತರವಿರಲಿಲ್ಲ. ಗ್ರಹಣ ಏಕೆ ಹಿಡಿಯುತ್ತದೆ, ಮಿಂಚು ಮೊದಲು ಕಂಡು ಗುಡುಗು ತಡವಾಗಿ ಏಕೆ ಕೇಳುತ್ತದೆ ಎಂಬುದಕ್ಕೆಲ್ಲ, ಊರಿನವರು ಕೇಳದಿದ್ದರೂ ಉತ್ತರ ಹೇಳುತ್ತ ಬಂದವರು ಅವರು. ವಯಸ್ಸು ನಲವತ್ತೈದು. ಇಂಟರ್ ಸೈನ್ಸ್ ಅರ್ಧಕ್ಕೆ ಬಿಟ್ಟು ಹತ್ತಿ ಬೆಳೆಯಲು ನಿಂತಿದ್ದರೂ ವಿಜ್ಞಾನದ ಪುಸ್ತಕಗಳನ್ನು ಬಿಟ್ಟವರಲ್ಲ. ದೆವ್ವ, ದೃಷ್ಟಿ, ಪಂಚಾಂಗ, ಹೆಂಡತಿಯ ಅಭಿಪ್ರಾಯ, ಈ ನಾಲ್ಕನ್ನೂ ಪ್ರಮಾಣವಿಲ್ಲದೆ ಒಪ್ಪಕೂಡದೆಂಬುದು ಅವರ ವ್ರತ. (ಮೊದಲ ಮೂರರಲ್ಲಿ ಇದುವರೆಗೆ ವ್ರತಭಂಗವಾಗಿರಲಿಲ್ಲ.)

ಗಾಡಿಯೆಂದರೆ ಮಿಲಿಟರಿಯ ಹರಾಜಿನಲ್ಲಿ ಸಿಕ್ಕ ಒಂದು ಸಣ್ಣ ಟ್ರಕ್ಕು. ಮುಂದಿನ ಗಾಲಿಗಳೂ ಹಿಂದಿನ ಗಾಲಿಗಳೂ ಕೂಡಿ ಎಳೆಯುವಂಥದು. ಅದನ್ನು ಎತ್ತರಿಸಿದ್ದು ಷೋಕಿಗಲ್ಲ, ಪಂಚಮಿಗಾಗಿ. ಗಂಡನ ಮನೆಗೆ ಬಂದ ಹೆಣ್ಣುಮಗಳು ನಾಗರಪಂಚಮಿಗೆ ತವರಿಗೆ ಹೋಗಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ಗುರವ್ವನ ತವರು ಕುಂದಗೋಳದಾಚೆಯ ಕುಬಿಹಾಳ. ಆದರೆ ಶ್ರಾವಣ ಕಾಲಿಟ್ಟಿತೆಂದರೆ ಆ ಸೀಮೆಯ ಕರಿಯ ಎರಿಮಣ್ಣು ನಾದಿದ ಹಿಟ್ಟಾಗುತ್ತದೆ. ಅದರಲ್ಲಿ ಇಟ್ಟ ಕಾಲು ಹೊರಬಂದರೂ ಚಪ್ಪಲಿ ಬರುವುದಿಲ್ಲ. ಅಣ್ಣ ಶಂಕ್ರಪ್ಪ ಕರೆಯಲು ಕಳಿಸಿದ ಚಕ್ಕಡಿ ಕಳೆದ ಒಂಬತ್ತು ವರ್ಷಗಳಲ್ಲಿ ಒಂಬತ್ತು ಸಲವೂ ಅರ್ಧ ಹಾದಿಯಿಂದ ತಿರುಗಿ ಹೋಗಿತ್ತು. ಒಂಬತ್ತು ಪಂಚಮಿಗಳನ್ನು ಗುರವ್ವ ತಿರ್ಲಾಪುರದ ಅಡಿಗೆಮನೆಯಲ್ಲಿ ಒಬ್ಬಳೇ ಉಂಡಿ ಕಟ್ಟುತ್ತ ಕಳೆದಿದ್ದಳು.

“ಈ ವರ್ಷ ನೀ ಕುಬಿಹಾಳದಾಗ ಜೋಕಾಲಿ ಆಡ್ತಿ,” ಎಂದು ಈರಬಸಪ್ಪನವರು ಮಾತು ಕೊಟ್ಟಿದ್ದರು. “ಆಡಲಿಲ್ಲಂದ್ರ ನನ್ನ ಪುಸ್ತಕ ಎಲ್ಲಾ ತಗದು ಒಲಿಗೆ ಹಾಕಬೇ.”

“ಒಲಿಗಿ ಒಣಾ ಕಟಿಗಿ ಬೇಕ್ರಿ,” ಎಂದಿದ್ದಳು ಗುರವ್ವ. “ನಿಮ್ಮ ಪುಸ್ತಕಕ್ಕ ಬರೇ ಹೊಗಿ ಬರ್ತದ.”

ಹೀಗೆ ಶುರುವಾಗಿತ್ತು ಆ ಮಹಾಯಜ್ಞ. ಗಾಡಿಯ ಸ್ಪ್ರಿಂಗಿನ ಕಮಾನುಗಳಿಗೆ ಹೆಚ್ಚಿನ ಪಟ್ಟಿ ಸೇರಿಸಿ, ಇಪ್ಪತ್ತೆಂಟು ಇಂಚಿನ ಗಾಲಿಗಳನ್ನು ಬಿಚ್ಚಿ ಮೂವತ್ತೆರಡು ಇಂಚಿನವನ್ನು ತೊಡಿಸಿದ ಮೇಲೆ ಟ್ರಕ್ಕು ಬೇರೆಯೇ ಪ್ರಾಣಿಯಾಯಿತು. ಬೆಳಗಿನ ಮಂಜಿನಲ್ಲಿ ನೋಡಿದರೆ ಅದರ ಗಾಲಿಗಳು ಕಾಣದೆ, ಮೈ ಮಾತ್ರ ಹಿತ್ತಲಿನ ಮೇಲೆ ತೇಲುತ್ತಿರುವಂತೆ ತೋರುತ್ತಿತ್ತು. ಗುರವ್ವನಿಗೆ ಹತ್ತಲು ಮೊದಲು ಮಣೆ ಬೇಕಾಯಿತು, ಆಮೇಲೆ ಏಣಿಯೇ ಬಂತು. ಮುಂಭಾಗ ತುಸು ಹೆಚ್ಚೇ ಎದ್ದದ್ದರಿಂದ ದೀಪಗಳು ರಸ್ತೆಯನ್ನು ಬಿಟ್ಟು ಸಪ್ತರ್ಷಿಮಂಡಲವನ್ನು ಬೆಳಗತೊಡಗಿದವು. ಖಗೋಳ ವೀಕ್ಷಣೆಗೆ ಇದು ಅನುಕೂಲವೇ. ಆದರೆ ಹೊತ್ತು ಮುಳುಗಿದ ಮೇಲೆ ಗಾಡಿ ಹೊಡೆಯುವುದನ್ನು ಈರಬಸಪ್ಪನವರು ನಿಲ್ಲಿಸಬೇಕಾಯಿತು.

ಇಷ್ಟೆಲ್ಲ ಆಗಿ, ಖಾಲಿ ಗಾಡಿ ಹಿತ್ತಲಿನ ಸಣ್ಣ ದಿಬ್ಬವನ್ನೂ ಏರದೆ ಗೊರಗೊರ ಎಂದು ನಿಂತುಬಿಟ್ಟಿತು. ಆಗ ಬಂದದ್ದು ಆ ಪ್ರಶ್ನೆ.

ಎರಡು ದಿನ ಬೇವಿನ ಗಿಡದ ಕೆಳಗೆ ಪುಸ್ತಕ ಹರವಿಕೊಂಡು ಕೂತು, ಮೂರನೆಯ ದಿನ ಈರಬಸಪ್ಪನವರು ಉತ್ತರ ತಂದರು. ಗಾಲಿ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ನೆಲ ಸಾಗುತ್ತದೆ. ಹೆಚ್ಚು ನೆಲ ಸಾಗಬೇಕಾದರೆ ಪ್ರತಿ ಸುತ್ತಿಗೂ ಹೆಚ್ಚು ಬಲ ಬೇಕು. ಇಂಜಿನ್ನಿನ ಬಲವಾದರೋ ಇದ್ದಷ್ಟೇ ಇದೆ. ಆದ್ದರಿಂದ ಅಚ್ಚಿನೊಳಗಿನ ಹಲ್ಲಿನ ಚಕ್ರಗಳ ಪ್ರಮಾಣವನ್ನೇ ಬದಲಿಸತಕ್ಕದ್ದು.

ರೊಟ್ಟಿ ಬಡಿಯುತ್ತಿದ್ದ ಗುರವ್ವ ತಲೆ ಎತ್ತದೆ ಕೇಳಿಸಿಕೊಂಡಳು. “ಅಂದ್ರ ದೊಡ್ಡ ಹೆಜ್ಜಿ ಹಾಕಿದವರು ಲಗೂ ದಣೀತಾರ. ಇಷ್ಟಕ್ಕ ಎರಡು ದಿನ ಬೇಕಾತೇನ್ರಿ?”

ನವಲಗುಂದದ ದಸ್ತಗೀರಸಾಬ ಮಿಸ್ತ್ರಿ ಎರಡು ಬಗೆಯ ಚಕ್ರಗಳನ್ನು, ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಒಂದೊಂದು ಜೋಡಿಯಂತೆ, ಗೋಣಿಚೀಲದಲ್ಲಿ ಸುತ್ತಿ ತಂದು ಅಂಗಳದಲ್ಲಿ ಇಟ್ಟ. ಗಾಡಿಯ ಹಳೆಯ ಜೋಡಿಯಲ್ಲಿ ದೊಡ್ಡ ಚಕ್ರಕ್ಕೆ ಮೂವತ್ತೊಂಬತ್ತು ಹಲ್ಲು, ಸಣ್ಣದಕ್ಕೆ ಎಂಟು. ಹೊಸ ಎರಡರಲ್ಲೂ ದೊಡ್ಡ ಚಕ್ರಕ್ಕೆ ನಲವತ್ತಮೂರು. ಸಣ್ಣದಕ್ಕೆ ಮಾತ್ರ ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಏಳು.

“ಏಳರದ್ದು ಭಾಳ ಎಳೀತೈತ್ರಿ ಸಾವ್ಕಾರ್ರ, ಆದ್ರ ಓಡೂದಿಲ್ಲ,” ಎಂದ ಮಿಸ್ತ್ರಿ. “ಎಂಟರದ್ದು ಓಡ್ತೈತಿ, ಎಳಿಯೂದು ಒಂಚೂರು ಕಮ್ಮಿ. ಯಾವುದು ಹಾಕಲಿ, ಹೇಳಿಬಿಡ್ರಿ.”

ಅಂದು ಊಟದ ಹೊತ್ತಿಗೆ ಈರಬಸಪ್ಪನವರ ಗಣಿತ ಗೋಡೆಯ ಮೇಲೆ ಇದ್ದಲಿಯಲ್ಲಿ ಮೂಡಿತು. ಗಾಲಿ ಬೆಳೆದ ಪ್ರಮಾಣಕ್ಕೆ ತಕ್ಕಂತೆ ಇಂಜಿನ್ನಿನಿಂದ ಬರುವ ದಂಡ ಗಾಲಿಯ ಒಂದು ಸುತ್ತಿಗೆ ಐದೂವರೆಗಿಂತ ತುಸು ಹೆಚ್ಚು ಸುತ್ತಬೇಕು. ಎಂಟು ಹಲ್ಲಿನದು ಐದೂವರೆಗೆ ತುಸು ಕಡಿಮೆ. ಏಳರದು ಆರನ್ನೂ ದಾಟುತ್ತದೆ. ಹತ್ತಿರದ್ದು ಎಂಟು. ಆದ್ದರಿಂದ ಎಂಟು.

“ಎಂಟರದ್ದು ಹಾಕಿದ್ರ,” ಎಂದು ಅವರು ಹಿಗ್ಗಿನಿಂದ ಬೆರಳು ಮಡಿಸಿದರು, “ಮುಂಜಾನೆ ಏಳಕ್ಕ ಬಿಟ್ಟು, ಹುಬ್ಬಳ್ಳಿ ದಾಟಿ, ನಿನ್ನ ಕುಬಿಹಾಳದಾಗ ಇಳಿಸಿ, ಉಂಡು ಹೊಳ್ಳಿ ಮನಿ ಮುಟ್ಟಿದಾಗ ಹೊತ್ತು ಮುಳುಗಾಕ ಇನ್ನೂ ಇಪ್ಪತ್ತು ಮಿನಿಟು ಇರ್ತದ. ಏಳರದ್ದು ಹಾಕಿದ್ರ ಹಾದ್ಯಾಗ ಕತ್ತಲಿ. ನೋಡು, ಗಣಿತ ಅಂದ್ರ ಇದು!”

ಗುರವ್ವ ಗೋಡೆಯನ್ನೇ ಬಹಳ ಹೊತ್ತು ನೋಡಿದಳು. ಬಳಿಕ ಕೇಳಿದಳು: “ಇದರಾಗ ಎರಿಮಣ್ಣು ಎಲ್ಲೈತ್ರಿ?”

“ಏನು?”

“ಹಾದಿ ತುಂಬಾ ಮಣ್ಣು ಐತಲ್ರಿ. ನಿಮ್ಮ ಲೆಕ್ಕದಾಗ ಎಲ್ಲೂ ಕಾಣಾಕತ್ತಿಲ್ಲ.”

“ಮಣ್ಣಿಗೆ ಸಂಖ್ಯಾ ಇರೂದಿಲ್ಲಬೇ!” ಎಂದು ಕೈ ತೊಳೆದು ಎದ್ದರು. ಮರುದಿನ ಮಿಸ್ತ್ರಿಗೆ ಎಂಟರದನ್ನು ತೋರಿಸಿ, ತಾವು ಎಣ್ಣೆಯ ಡಬ್ಬಿ ತರಲು ಹುಬ್ಬಳ್ಳಿಯ ಬಸ್ಸು ಹಿಡಿದರು. ಸಂಜೆ ಬರುವಷ್ಟರಲ್ಲಿ ಮುಂದಿನ ಅಚ್ಚು, ಹಿಂದಿನ ಅಚ್ಚು ಎರಡೂ ಮುಚ್ಚಿ ಗಾಡಿ ಸಿದ್ಧವಾಗಿತ್ತು. ದಿಬ್ಬವನ್ನು ಅದು ಆಕಳು ಕೊಟ್ಟಿಗೆಗೆ ಹೋಗುವಷ್ಟು ಸಹಜವಾಗಿ ಏರಿತು. ಈರಬಸಪ್ಪನವರು ಗೋಡೆಯ ಮೇಲಿನ ಲೆಕ್ಕವನ್ನು ಅಳಿಸಗೊಡಲಿಲ್ಲ.

ಪಂಚಮಿಯ ಮುನ್ನಾದಿನ ಹೊರಟರು. ವಿಧಿಯ ಕುಚೋದ್ಯವೆಂಬಂತೆ (ವಿಧಿಯನ್ನು ಈರಬಸಪ್ಪನವರು ನಂಬುವುದಿಲ್ಲ) ಹನ್ನೊಂದು ದಿನದಿಂದ ಮಳೆ ಬಿಟ್ಟು ಹಾದಿಯೆಲ್ಲ ಒಣಗಿ ಬಿರಿದಿತ್ತು. ಮಣ್ಣಿನ ಒಂದು ಉಂಡೆಯೂ ಗಾಲಿಗೆ ಹತ್ತಲಿಲ್ಲ. ಆದರೂ ಗಾಡಿ ಓಡಲೊಲ್ಲದು. ಇಂಜಿನ್ನು ಹುಲಿಯಂತೆ ಗರ್ಜಿಸುತ್ತಿತ್ತು. ಗಾಲಿಗಳು ಬಸುರಿ ಹೆಂಗಸಿನ ಹಾಗೆ ನಡೆಯುತ್ತಿದ್ದವು. ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಹೊತ್ತವನೊಬ್ಬ ಬಾಜು ಬಂದು, ಕುಶಲ ವಿಚಾರಿಸಿ, ಮುಂದೆ ಹೋದ.

ಮೊದಲೊಂದು ತಾಸು ಅವರು ಪೆಟ್ರೋಲಿಗೆ ಬೈದರು, ಎದುರುಗಾಳಿಗೆ ಬೈದರು. ಆಮೇಲೆ ಏನಾಯಿತೋ, ಬೈಯುವುದನ್ನು ಮರೆತರು. ಅಷ್ಟು ಎತ್ತರದಿಂದ ಅವರು ತಮ್ಮ ಸೀಮೆಯನ್ನು ನೋಡಿಯೇ ಇರಲಿಲ್ಲ. ಕರಿಯ ನೆಲದ ಮೇಲೆ ಹೆಸರುಬೆಳೆಯ ಹಸಿರು, ಹತ್ತಿಯ ಎಳೆಯ ಸಾಲುಗಳು, ಎಲ್ಲವೂ ಜಮಖಾನೆಯ ಪಟ್ಟಿಗಳಂತೆ ಹಾಸಿಕೊಂಡು ಬಾನಂಚಿನಲ್ಲಿ ಮಡಿಚಿಹೋಗಿದ್ದವು. ಒಂದು ಮೋಡದ ನೆರಳು ಹಿಂದಿನಿಂದ ಬಂದು, ಅವರನ್ನು ಒಂದು ಗಳಿಗೆ ತಂಪಾಗಿ ಮುಚ್ಚಿ, ದಾಟಿ ಹೋಯಿತು. ಗುರವ್ವ ಡಬ್ಬಿ ಬಿಚ್ಚಿ ಅವರ ಬಾಯಿಗೊಂದು ಎಳ್ಳುಂಡಿ ಇಟ್ಟಳು. ಮದುವೆಯಾದ ಇಪ್ಪತ್ತಮೂರು ವರ್ಷಗಳಲ್ಲಿ ಇಷ್ಟು ಹೊತ್ತು ಇಬ್ಬರೇ ಕೂತಿದ್ದು ಯಾವಾಗ ಎಂದು ಅವರು ಲೆಕ್ಕ ಹಾಕಲು ಹೋಗಿ, ಅದನ್ನೂ ಅರ್ಧಕ್ಕೆ ಬಿಟ್ಟರು.

ಕುಬಿಹಾಳ ಮುಟ್ಟಿದಾಗ ಹೊತ್ತು ಇಳಿಮುಖವಾಗಿತ್ತು. ಹಿಂದಿರುಗುವ ಮಾತೇ ಇಲ್ಲ. ಸಂಶಯಗ್ರಸ್ತರಾದ ಈರಬಸಪ್ಪನವರು ಉಂಡವರೇ ಗಾಡಿಯ ಗಾಲಿಗೊಂದು, ಹೊಟ್ಟೆಯ ಕೆಳಗಿನ ದಂಡಕ್ಕೊಂದು ಸುಣ್ಣದ ಗೆರೆ ಎಳೆದು, ಶಂಕ್ರಪ್ಪನಿಂದ ಗಾಡಿಯನ್ನು ಗಾಲಿಯ ಒಂದು ಸುತ್ತಿನಷ್ಟು ಮೆಲ್ಲಗೆ ನೂಕಿಸಿದರು. ತಾವು ನೆಲದ ಮೇಲೆ ಅಂಗಾತ ಮಲಗಿ ದಂಡದ ಸುತ್ತು ಎಣಿಸಿದರು. ಐದಾಯಿತು. ಐದೂವರೆಯೂ ಆಯಿತು. ಆರಾಗಿ, ಮೇಲೊಂದಿಷ್ಟು ತಿರುಗಿ ನಿಂತಿತು.

“ಗುರವ್ವಾ!” ಎಂದು ಗಾಡಿಯ ಕೆಳಗಿನಿಂದಲೇ ಗುಡುಗಿದರು. “ಇದರಾಗ ಏಳರದ್ದು ಐತಿ!”

“ಹೌದ್ರಿ,” ಎಂದಳು ಗುರವ್ವ ತವರಿನ ಕಟ್ಟೆಯ ಮೇಲಿನಿಂದ. “ನಾನ ಹಾಕಿಸೀನಿ.”

“ಯಾಕ?”

“ಎರಿಮಣ್ಣಿಗೆ.”

“ಎಲ್ಲೈತಬೇ ಮಣ್ಣು? ಹಾದಿ ತುಂಬಾ ಧೂಳಿ!”

“ಮಳಿ ಆಗಿದ್ರ ಇರ್ತಿತ್ತಿಲ್ರಿ?”

ಶಂಕ್ರಪ್ಪ ಗಡ್ಡ ತುರಿಸುವ ನೆವದಲ್ಲಿ ಮುಖ ತಿರುಗಿಸಿದ. “ಮಾವಾರ, ಮೊದಲು ಹೊರಗ ಬರ್ರಿ. ಕೆಳಗ ಎಣ್ಣಿ ಸೋರಾಕತ್ತೈತಿ.”

ಮೂರು ದಿನ ಉಳಿದರು. ಮೊದಲ ದಿನ ಮುನಿಸು. ಎರಡನೆಯ ದಿನ ಜೋಕಾಲಿಯ ಹಗ್ಗದ ಉದ್ದಕ್ಕೂ ತೂಗುವ ವೇಳೆಗೂ ಇರುವ ಸಂಬಂಧವನ್ನು ಪ್ರತ್ಯಕ್ಷ ಪರೀಕ್ಷಿಸುವ ಸಲುವಾಗಿ ಮಾತ್ರ ಗುರವ್ವನನ್ನು ಕೂರಿಸಿ ತಾವೇ ತೂಗಿದರು. ಅವಳ ಸೆರಗು ಬೇವಿನ ಎಲೆಗಳನ್ನು ಮುಟ್ಟಿ ಬಂತು. ಪ್ರಯೋಗವನ್ನು ಸಂಜೆಯವರೆಗೆ ಪುನರಾವರ್ತಿಸಲಾಯಿತು.

ನಾಲ್ಕನೆಯ ದಿನ ಹೊರಟಾಗ ಮಳೆ ಸುರಿಯಿತು. ಎರಿಮಣ್ಣು ಗಾಲಿಗಳಿಗೆ ಪದರಪದರವಾಗಿ ಮೆತ್ತಿಕೊಂಡರೂ ಗಾಡಿ ನಿಲ್ಲಲಿಲ್ಲ. ಈರಬಸಪ್ಪನವರು ಮಳೆಯಲ್ಲೇ ಇಳಿದು ಟೇಪು ಹಿಡಿದರು: ಮಣ್ಣು ಸೇರಿ ಗಾಲಿ ಮೂವತ್ತಾರು ಇಂಚು! ಆ ಲೆಕ್ಕಕ್ಕೆ ದಂಡ ಆರೂಕಾಲು ಸುತ್ತಬೇಕು. ಏಳು ಹಲ್ಲಿನದೇ ಹತ್ತಿರ. ತೊಯ್ದ ಮೈಯಲ್ಲಿ ಬಂದು ಕೂತು, ಗಂಭೀರವಾಗಿ ಹೇಳಿದರು: “ಗುರವ್ವ, ನೀ ಹೇಳಿದ್ದ ಖರೆ. ಮಣ್ಣಿಗೂ ಸಂಖ್ಯಾ ಐತಿ.”

ಗುರವ್ವ ಸೆರಗಿನಿಂದ ಅವರ ತಲೆ ಒರೆಸಿದಳು.

ಅಲ್ಲಿಂದ ಮುಂದೆ ಐದು ವರ್ಷ ಅವರು ಇದನ್ನು ಹೇಳದ ಜಾಗವಿಲ್ಲ. ನವಲಗುಂದದ ಸಂತೆಯಲ್ಲಿ, ಹತ್ತಿಯ ಪೇಟೆಯಲ್ಲಿ, ಚಹಾದಂಗಡಿಯಲ್ಲಿ: ಪುಸ್ತಕದ ವಿಜ್ಞಾನಕ್ಕಿಂತ ಅನುಭವದ ವಿಜ್ಞಾನ ಹೇಗೆ ಮಣ್ಣಿನ ದಪ್ಪವನ್ನು ಮೊದಲೇ ಗ್ರಹಿಸುತ್ತದೆ ಎಂದು. ಪ್ರತಿ ಪಂಚಮಿಗೂ ನಿಧಾನವಾಗಿ ಹೋದರು, ಅನಿವಾರ್ಯವಾಗಿ ಉಳಿದರು. ಅವರ ಸಿದ್ಧಾಂತ ಕೇಳುವಾಗಲೆಲ್ಲ ಗುರವ್ವ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಇಷ್ಟು ದೊಡ್ಡ ಮಾತು ಅವಳಿಗೆ ತಿಳಿಯದೆಂದು ಅವರು ಇನ್ನೊಮ್ಮೆ ಹೇಳುತ್ತಿದ್ದರು.

೧೯೭೯ರ ಚಳಿಗಾಲದಲ್ಲಿ, ನಾಲ್ಕು ದಿನದ ಜ್ವರದಲ್ಲಿ ಗುರವ್ವ ತೀರಿಕೊಂಡಳು. ಮಾತಾಡಿಸಲು ಬಂದ ದಸ್ತಗೀರಸಾಬನ ಮುಂದೆ ಈರಬಸಪ್ಪನವರು ಬೇರೇನೂ ತೋಚದೆ ಮಣ್ಣಿನ ಸಿದ್ಧಾಂತವನ್ನೇ ತೆಗೆದರು. ಮೂವತ್ತಾರು ಇಂಚು, ಆರೂಕಾಲು ಸುತ್ತು, ಅವಳ ಜಾಣತನ.

ಮಿಸ್ತ್ರಿ ಟೊಪ್ಪಿಗೆಯನ್ನು ಕೈಯಲ್ಲಿ ತಿರುವುತ್ತ ಕೂತಿದ್ದ.

“ಆವತ್ತ ಅಕ್ಕಾರು ಮಣ್ಣಿನ ಸುದ್ದೀನ ತಗೀಲಿಲ್ರಿ ಸಾವ್ಕಾರ್ರ,” ಎಂದ. “ಚಹಾ ತಂದು ಕೊಟ್ಟು, ಗ್ವಾಡಿ ಮ್ಯಾಗಿಂದು ಲೆಕ್ಕ ತೋರಿಸಿದ್ರು. ‘ಎಂಟರದ್ದು ಹಾಕಿದ್ರ ನನ್ನ ಇಳಿಸಿ ಅವತ್ತ ಹೊಳ್ಳಿ ಹೋಗ್ತಾರ, ಬರೇ ಇಪ್ಪತ್ತು ಮಿನಿಟು ಬೆಳಕು ಉಳೀತದಂತ. ಏಳರದ್ದು ಹಾಕು. ಒಂದು ಪಂಚಮಿಗರೆ ನನ್ನ ಜೋಡಿ ಇರ್ಲಿ’ ಅಂದಿದ್ರು.”