ಆಷಾಢದಲ್ಲೊಂದು ಕಾರವಾರ

ಶಶಿಕಾಂತನ ಮದುವೆಯನ್ನು ಜ್ಯೇಷ್ಠದ ಕಟ್ಟಕಡೆಯ ಮುಹೂರ್ತಕ್ಕೆ ಇಟ್ಟದ್ದೇ ತಪ್ಪಾಯಿತು. ಚಪ್ಪರದ ಸೋಗೆ ಇಳಿಸುವ ಮೊದಲೇ ಆಷಾಢ ಬಂದು ಬಾಗಿಲಲ್ಲಿ ನಿಂತಿತು. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟುವಂತಿಲ್ಲ. ಬಿ.ಜಿ. ಕೆರೆಯಿಂದ ಮಾವ ಓಂಕಾರಮೂರ್ತಿಯವರು ಜೀಪು ತಂದರು, ಹೋಳಿಗೆ ಉಂಡರು, ಮಗಳು ದೀಪಿಕಾಳನ್ನು ಕರೆದುಕೊಂಡು ಹೊರಟೇಬಿಟ್ಟರು. ಶಶಿಕಾಂತ ಚಳ್ಳಕೆರೆಯಲ್ಲಿ ಅಪ್ಪನ ಎಣ್ಣೆ ಮಿಲ್ಲಿನ ಸದ್ದು ಕೇಳುತ್ತ ಉಳಿದ.

ಹೊಸ ಅಳಿಯ ಆಷಾಢದಲ್ಲಿ ಅತ್ತೆಯ ಮನೆಗೆ ಹೋದರೆ ಊರು ನಗುತ್ತದೆ. ಹೋಗದಿದ್ದರೂ ಎದುರುಮನೆಯ ಜಗದಾಂಬ ನಗುತ್ತಿದ್ದಳು.

"ಏನ್ ಶಶಿ, ಸೊರಗಿಬಿಟ್ಟೀಯಲ್ಲೋ! ಮಜ್ಜಿಗೆ ಕುಡಿ, ಮೈಗೆ ತಂಪು."

ಹೆಂಡತಿಯನ್ನು ಒಂದು ದಿನವಾದರೂ ಕಾಣದೆ ಇರಲಾರೆ ಎನಿಸಿತು ಅವನಿಗೆ. ಆದರೆ ಎಲ್ಲಿ ಕಾಣುವುದು? ಚಿತ್ರದುರ್ಗದಲ್ಲಿ ಚಿಕ್ಕಪ್ಪ, ದಾವಣಗೆರೆಯಲ್ಲಿ ಸೋದರತ್ತೆ, ಬಳ್ಳಾರಿಯಲ್ಲಿ ಎಣ್ಣೆ ವ್ಯಾಪಾರಿಗಳು. ನೆಂಟರಿಲ್ಲದ ಊರು ಭೂಮಿಯ ಮೇಲಿದೆಯೇ ಎಂದು ತಲೆ ಕೆಡಿಸಿಕೊಂಡು, ಕೊನೆಗೆ ಎಸ್‌ಟಿಡಿ ಬೂತಿನಿಂದ ದೀಪಿಕಾಳಿಗೆ ಫೋನು ಮಾಡಿದ.

"ಕಾರವಾರಕ್ಕೆ ಹೋಗಾನ. ಮಳೆಗಾಲದಾಗೆ ಸಮುದ್ರ ನೋಡಾಕೆ ಯಾವ ಹುಚ್ಚ ಬರ್ತಾನೆ? ನಮ್ಮನ್ನ ಗುರುತು ಹಿಡಿಯೋರೇ ಇರಲ್ಲ."

"ನಾವು ಹೋಗ್ತೀವಲ್ರೀ" ಎಂದಳು ದೀಪಿಕಾ. ಆದರೂ ಗೆಳತಿಯ ಮನೆಗೆಂದು ಹೇಳಿ ಹೊರಡಲು ಒಪ್ಪಿದಳು.

ಶಶಿಕಾಂತ ಅಪ್ಪ ಅಜ್ಜಪ್ಪನವರ ಮುಂದೆ ನಿಂತು, "ಮಿಲ್ಲಿನ ಬೇರಿಂಗ್ ಸವೆದೈತಪ್ಪ. ಹುಬ್ಬಳ್ಳಿಗೆ ಹೋಗಿ ತರ್ತೀನಿ" ಅಂದ.

ಅಜ್ಜಪ್ಪನವರು ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಅದಕ್ಕಿಂತ ಹತ್ತಿರದ ದಾವಣಗೆರೆಯಲ್ಲೂ ಬೇರಿಂಗ್ ಸಿಗುತ್ತಿತ್ತು. ಆದರೆ ಅವರು ಆ ಮಾತೆತ್ತದೆ, "ಹೋಗ್ಬಾ" ಎಂದರು.

ಸಮುದ್ರದ ಕಡೆ ಅಡಿಗೆಗೆಲ್ಲ ಕೊಬ್ಬರಿ ಎಣ್ಣೆ ಎಂದು ಅವನು ಕೇಳಿದ್ದ. ಹೆಂಡತಿ ಅದು ಸೇರದೆ ಹಸಿದುಕೊಂಡಿರಬಾರದೆಂದು ಮಿಲ್ಲಿನ ಶೇಂಗಾ ಎಣ್ಣೆಯ ಡಬ್ಬಿಯೊಂದನ್ನು ಚೀಲಕ್ಕೆ ಸೇರಿಸಿಕೊಂಡ.

ಇಬ್ಬರೂ ಕಾರವಾರದಲ್ಲಿ ಬಸ್ಸಿಳಿದಾಗ ಆಕಾಶಕ್ಕೇ ತೂತು ಬಿದ್ದಂತಿತ್ತು. ಮಳೆ ಬಂದರೆ ಮನೆಯಿಂದ ಹೊರಗೆ ಓಡಿ ಬರುವ ಸೀಮೆಯವನು ಶಶಿಕಾಂತ. ಚೀಲ ಕೆಳಗಿಟ್ಟು ಎರಡೂ ಕೈ ಚಾಚಿ ನಿಂತ.

"ನಮ್ಮೂರಿನ ಮೂರು ವರ್ಷದ ಮಳೆ ಬಂದುಬಿಡ್ತಲ್ಲ ದೀಪೂ!"

"ಚೀಲ ನೆನೀತೈತೆ, ಎತ್ಕಳ್ರಿ" ಎಂದಳು ದೀಪೂ.

ದಂಡೆಯ ಹತ್ತಿರದ ಒಂದು ಹೆಂಚಿನ ಮನೆಯಲ್ಲಿ ರೂಮು ಸಿಕ್ಕಿತು. ಮನೆಯ ಒಡತಿ ಒಬ್ಬ ಅಜ್ಜಿ. ರೂಮಿನ ಕೆಳಗೆ ಒಣಮೀನಿನ ಗೋದಾಮು. ದಾರಿಗೆಂದು ತಂದಿದ್ದ ಗರಿಗರಿ ಮಂಡಕ್ಕಿ ಹೊತ್ತೇರುವುದರೊಳಗೆ ಒದ್ದೆ ಹತ್ತಿಯಂತಾಯಿತು. ದೀಪಿಕಾ ಮೂಗಿಗೆ ಸೆರಗು ಹಿಡಿದಳು. ಆ ದಿನ ಅವಳು ಸೆರಗು ತೆಗೆದದ್ದು ಸೀನುವುದಕ್ಕೆ ಮಾತ್ರ.

ಬಂದದ್ದಕ್ಕೆ ಸಮುದ್ರವನ್ನಾದರೂ ನೋಡೋಣವೆಂದು ಹೊರಟರು. ಹುಬ್ಬಳ್ಳಿಯಲ್ಲಿ ಕೊಂಡ ಹೊಸ ಛತ್ರಿ ಮೊದಲ ಗಾಳಿಗೆ ತಿರುವುಮುರುವಾಗಿ, ಎರಡನೆಯ ಗಾಳಿಗೆ ಕಣ್ಮರೆಯಾಯಿತು. ಎದುರಿಗೆ ಬರೀ ಬಿಳೀ ಮಳೆ. ಎಲ್ಲಿಂದಲೋ ಸೀಟಿ ಊದುತ್ತ ಪೊಲೀಸಿನವನೊಬ್ಬ ಓಡಿ ಬಂದ.

"ಸಮುದ್ರಕ್ಕೆ ಇಳಿಬಾರ್ದು ಅಂತ ಗೊತ್ತಿಲ್ವಾ?"

"ಸಾರ್, ಸಮುದ್ರ ಎಲ್ಲೈತೆ?" ಎಂದು ಶಶಿಕಾಂತ ವಿನಯದಿಂದ ಕೇಳಿದ.

"ನೀವು ನಿಂತಿರೋದೇ ಸಮುದ್ರ!"

ಆಗ ಬಂದ ಅಲೆ ಅವನ ಎರಡೂ ಚಪ್ಪಲಿಗಳನ್ನು ಒಯ್ದಿತು. ಶಶಿಕಾಂತ ಕಂಡ ಸಮುದ್ರ ಅಷ್ಟೇ.

ಮಧ್ಯಾಹ್ನ ದೀಪಿಕಾ ಅಜ್ಜಿಯ ಒಲೆ ಕೇಳಿ ಪಡೆದು, ಶೇಂಗಾ ಎಣ್ಣೆಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿದಳು. ಡಬ್ಬಿ ಕಂಡ ಅಜ್ಜಿ ಕೈಲಿದ್ದ ಕೆಲಸ ಬಿಟ್ಟು ಹತ್ತಿರ ಬಂದಳು.

"ಎಣ್ಣೆ ಹೊತ್ತುಕೊಂಡು ಸಮುದ್ರಕ್ಕೆ ಬಂದವರನ್ನ ನನ್ನ ಆಯುಷ್ಯದಲ್ಲಿ ಇಬ್ಬರನ್ನೇ ಕಂಡೆ ಮಗಾ. ಮೊದಲನೆಯವರೂ ಚಳ್ಳಕೆರೆಯವರು. ಅಜ್ಜಪ್ಪ ಅಂತ. ಮೂಗು ನಿನ್ನದೇ."

ಶಶಿಕಾಂತನ ಬಾಯಲ್ಲಿ ಬಜ್ಜಿ ನಿಂತಿತು. "ಅವರು ನಮ್ಮಪ್ಪ!"

"ಹೌದಾ! ಅವರದ್ದೂ ಆಗ ಹೊಸ ಮದುವೆ. ಆಷಾಢ ಅಂತ ಮನೇಲಿ ಹೇಳದೆ ಬಂದಿದ್ದರು. ಎಂಥ ಜೋಡಿ! ನಿನ್ನ ತಾಯಿ ಇದೇ ಜಗುಲಿ ಮೇಲೆ ಕೂತು ದಿನವಿಡೀ ಹಾಡಿದಳು."

ಅವ್ವ ಹಾಡಿದ್ದನ್ನು ಶಶಿಕಾಂತ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸಂಸಾರದ ತಾಪತ್ರಯದಲ್ಲಿ ಪಾಪ ಮರೆತಿರಬೇಕು ಎಂದುಕೊಂಡು ಅವನ ಕಣ್ಣು ತುಂಬಿ ಬಂತು. ಜೊತೆಗೆ ದೊಡ್ಡ ಧೈರ್ಯವೂ ಬಂತು. ಇನ್ನು ಸಿಕ್ಕಿಬಿದ್ದರೂ ಹೆದರಬೇಕಿಲ್ಲ.

ಮರುದಿನ ಸಂಜೆ ಸಿಕ್ಕಿಬಿದ್ದ. ದೀಪಿಕಾಳನ್ನು ಬಿ.ಜಿ. ಕೆರೆಯ ಬಸ್ಸು ಹತ್ತಿಸಿ ಮನೆಗೆ ಬಂದರೆ, ಜಗುಲಿಯ ಮೇಲೆ ಅವ್ವ ಮಂಜುಳಮ್ಮ, ಅವಳ ಪಕ್ಕದಲ್ಲಿ ಜಗದಾಂಬ, ಕುರ್ಚಿಯಲ್ಲಿ ಅಪ್ಪ.

"ಬೇರಿಂಗ್ ಎಲ್ಲೋ?" ಎಂದಳು ಅವ್ವ.

ಬೇರಿಂಗ್ ತರುವುದನ್ನೇ ಅವನು ಮರೆತಿದ್ದ. "ಅಂಗಡಿಯಾಗೆ ಇರ್ಲಿಲ್ಲ ಕಣವ್ವ."

"ಬಿ.ಜಿ. ಕೆರೆಯಾಗೆ ನಿನ್ನ ಹೆಂಡ್ತಿನೂ ಇರ್ಲಿಲ್ಲ" ಎಂದಳು ಜಗದಾಂಬ. "ನಮ್ಮ ತಂಗಿ ಮನೆಗೆ ಹೋಗಿದ್ದೆ. ಹಂಗೇ ಮಾತಾಡಿಸ್ಕಂಡು ಬರಾನ ಅಂತ ಅವರ ಮನೆಗೂ ಹೋದೆ."

ಮಂಜುಳಮ್ಮ ಎದ್ದು ನಿಂತಳು. "ಆಷಾಢದಾಗೆ ಹೆಂಡ್ತಿನ ಕದ್ದು ಕರ್ಕಂಡು ಹೋಗೀಯಾ? ಮನೆತನದ ಮರ್ಯಾದೆ ಏನಾತು? ಇನ್ನ ದೀಪಾವಳಿ ತನಕ ಅವಳು ತವರಾಗೇ ಇರ್ಲಿ!"

ದೀಪಾವಳಿ ಎಂದದ್ದೇ ತಡ, ಶಶಿಕಾಂತ ತನ್ನ ಅಸ್ತ್ರ ತೆಗೆದ.

"ಮರ್ಯಾದೆ ಮಾತು ನೀನು ಆಡಬ್ಯಾಡವ್ವ! ಮದುವೆ ಆದ ವರ್ಷ ಅಪ್ಪ ನಿನ್ನ ಕಾರವಾರಕ್ಕೆ ಕರ್ಕಂಡು ಹೋಗಿರ್ಲಿಲ್ವಾ? ಆಷಾಢದಾಗೇ! ಅಲ್ಲಿ ಅಜ್ಜಿ ಎಲ್ಲಾ ಹೇಳಿದ್ಲು. ದಿನಪೂರ್ತಿ ಜಗುಲಿ ಮ್ಯಾಲೆ ಕೂತ್ಕಂಡು ಹಾಡಿದ್ಯಂತೆ!"

ಮಂಜುಳಮ್ಮ ಮೆಲ್ಲಗೆ ಕೇಳಿದಳು. "ನಾನು ಹಾಡಿದ್ನಂತಾ?"

"ಹೂಂನವ್ವ. ಎಂಥ ಜೋಡಿ ಅಂತ ಇವತ್ತಿಗೂ ನೆನೆಸ್ಕಳ್ತಾಳೆ."

"ನಾನು ಸಮುದ್ರನೇ ನೋಡಿಲ್ಲ ಕಣೋ" ಎಂದಳು ಮಂಜುಳಮ್ಮ. "ಆ ಆಷಾಢದಾಗೆ ನಾನು ನಾಯಕನಹಟ್ಟಿಯಾಗೆ ತವರಲ್ಲಿದ್ದೆ. ನಿಮ್ಮಪ್ಪ ಹುಬ್ಬಳ್ಳಿಗೆ ಹೋಗಿದ್ರು. ಬೇರಿಂಗ್ ತರಾಕೆ."

ಜಗದಾಂಬ ಎದ್ದು ಹೋಗಬೇಕಾದ ಹೊತ್ತು ಅದು. ಅವಳು ಇನ್ನಷ್ಟು ಸರಿಯಾಗಿ ಕೂತಳು. ಅಜ್ಜಪ್ಪನವರು ಮಿಲ್ಲಿನಲ್ಲಿ ಏನೋ ಸದ್ದಾಗುತ್ತಿದೆ ಎಂದು ಚಪ್ಪಲಿ ಮೆಟ್ಟಿದರು. ಊರಲ್ಲಿ ಮಧ್ಯಾಹ್ನದಿಂದ ಕರೆಂಟಿರಲಿಲ್ಲ.

ಆಮೇಲೆ ಆಷಾಢ ಮುಗಿಯುವ ತನಕ ಆ ಮನೆಯ ಊಟದ ಹೊತ್ತು ಹೀಗಿರುತ್ತಿತ್ತು. ಮಂಜುಳಮ್ಮ ಮುದ್ದೆ ಬಡಿಸುತ್ತಿದ್ದಳು, ಸಾರು ಬಡಿಸುತ್ತಿದ್ದಳು, ಗಂಡನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಜ್ಜಪ್ಪನವರು ಮಗನ ಕಡೆ ನೋಡುತ್ತಿದ್ದರು. ಶಶಿಕಾಂತ ತಟ್ಟೆ ನೋಡುತ್ತಿದ್ದ. ಅಪ್ಪನ ಸಂಸಾರಕ್ಕೆ ಕೊಳ್ಳಿ ಇಟ್ಟೆನಲ್ಲ ಎಂಬ ಸಂಕಟ ಅವನಿಗೆ ನಿಜವಾಗಿಯೂ ಇತ್ತು. ಆದರೆ ಈ ಗದ್ದಲದಲ್ಲಿ ಅವ್ವ ದೀಪಾವಳಿಯ ಮಾತು ಮರೆತಳಲ್ಲ ಎಂಬ ಸಮಾಧಾನ ಸಂಕಟಕ್ಕಿಂತ ಒಂದು ಹಿಡಿ ಹೆಚ್ಚಾಗಿತ್ತು.

ಆಷಾಢದ ಕೊನೆಯ ದಿನ ಅವ್ವ ತವರಿಗೆಂದು ಹೇಳಿ ಹೊರಟಳು. ಶ್ರಾವಣದ ಮೊದಲ ದಿನ ಶಶಿಕಾಂತ ಇಸ್ತ್ರಿ ಅಂಗಿ ತೊಟ್ಟು, ಹೂವು ಹಣ್ಣು ಹಿಡಿದು, ಮೊದಲ ಬಸ್ಸಿಗೇ ಬಿ.ಜಿ. ಕೆರೆಗೆ ಹೋದ. ಓಂಕಾರಮೂರ್ತಿಯವರು ಅಳಿಯನನ್ನು ಕಂಡು ಅಚ್ಚರಿಪಟ್ಟರು.

"ದೀಪಿಕಾನ ಕರ್ಕಂಡು ಹೋಗಾಕೆ ಬಂದ್ರಾ? ನಿಮ್ಮವ್ವ ನಿನ್ನೇನೇ ಬಂದಿದ್ರಲ್ಲ! ರಾತ್ರಿ ಇಲ್ಲೇ ಆಚೆ ಬೀದಿ ನೆಂಟರ ಮನೆಯಾಗಿದ್ದು, ಶ್ರಾವಣ ಹುಟ್ಟಿದ್ದೇ ತಡ, ಬೆಳಿಗ್ಗೆ ಸೊಸೆನ ಕರ್ಕಂಡು ಹೊರಟ್ರು."

"ಎಲ್ಲಿಗೆ ಮಾವ?"

"ಕಾರವಾರಕ್ಕಂತೆ. ನಾನು ಸಮುದ್ರ ನೋಡ್ಬೇಕು, ದಾರಿ ಗೊತ್ತಿರೋಳು ಇವಳೊಬ್ಬಳೇ ಅಂದ್ರು. ಎಣ್ಣೆ ಡಬ್ಬಿನೂ ದೊಡ್ಡದೇ ಇತ್ತು."

ಶಶಿಕಾಂತ ಹೂವಿನ ಪೊಟ್ಟಣ ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತ. "ಯಾವಾಗ ಬರ್ತಾರಂತೆ?"

"ಸಮುದ್ರ ಕಣ್ಣಿಗೆ ಕಾಣಬೇಕಲ್ರಿ" ಎಂದರು ಓಂಕಾರಮೂರ್ತಿಯವರು. "ಮಳೆ ಪೂರ್ತಿ ನಿಂತ ಮ್ಯಾಲೆ ಅಂದ್ರು."